ಗುರಿಯಿಟ್ಟ ಮದ್ದೂ ನಿಲ್ಲದ ನೆತ್ತರೂ

ಬೆರಳಿಗೆ ಸೂಜಿ ಚುಚ್ಚಿದರೆ ಒಂದು ಹನಿ ರಕ್ತ ಹೊರಕ್ಕೆ ಬರುವುದು. ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದು. ಇದು ದಿನವೂ ಕಾಣುವ ಸಂಗತಿಯಾದುದರಿಂದ ಇದರಲ್ಲಿ ಅಚ್ಚರಿಪಡತಕ್ಕದ್ದೇನೂ ನಮಗೆ ತೋರುವುದಿಲ್ಲ. ಆದರೆ ನೀರಿನ ಕೊಳಾಯಿಯಲ್ಲಿ ಒಂದು ತೂತು ಬಿದ್ದರೆ ಅದು ತಾನಾಗಿ ಮುಚ್ಚಿಕೊಂಡುದನ್ನು ಕಂಡವರುಂಟೇ? ನಮ್ಮ ಮೈಯೊಳಗಿನ ಕೊಳಾಯಿಗಳಿಗೆ ಮಾತ್ರ ಈ ಸಾಮರ್ಥ್ಯವಿದೆ. ದುರಸ್ತಿಗೆ ಬೇಕಾದ ಸಾಮಗ್ರಿಯು ಹರಿಯುವ ದ್ರವದಲ್ಲಿಯೇ ಸದಾ ತೇಲುತ್ತಿರುತ್ತದೆ.

ಈಗ ಒಬ್ಬ ರೋಗಿಯ ಸ್ಥಿತಿಯನ್ನು ಊಹಿಸಿಕೊಳ್ಳೋಣ. ಆತನಿಗೆ ಲ್ಯುಕೀಮಿಯ, ಎಂದರೆ ರಕ್ತದ ಕ್ಯಾನ್ಸರ್. ಆತನು ಪ್ರತಿದಿನ ಮಾತ್ರೆ ನುಂಗುತ್ತಿದ್ದಾನೆ. ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ; ಕೆಟ್ಟ ಕಣಗಳು ಇಳಿದಿವೆ; ರಕ್ತಪರೀಕ್ಷೆಯ ಎಣಿಕೆಗಳೆಲ್ಲ ಸರಿಯಾಗಿವೆ. ಆದರೂ ಆತನ ತೋಳಿನ ಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು ಮೂಡುತ್ತವೆ. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಒಸರುತ್ತದೆ. ಇಂತಹ ರೋಗಿಗಳಲ್ಲಿ ಕೆಲವರಿಗೆ, ಬಹು ಅಪರೂಪವಾಗಿ, ಹೊಟ್ಟೆಯಲ್ಲಿಯೋ ತಲೆಬುರುಡೆಯೊಳಗೋ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯ ಒದಗುವುದು. ರೋಗವನ್ನು ಗುರಿಯಿಟ್ಟು ಹೊಡೆಯುವ ಮದ್ದು ರಕ್ತವನ್ನು ನಿಲ್ಲಿಸುವ ಏರ್ಪಾಡನ್ನು ಕೆಡಿಸುವುದೇಕೆ? ಎಣಿಕೆ ಸರಿಯಿದ್ದರೂ ರಕ್ತ ನಿಲ್ಲದಿರುವುದೇಕೆ? ಈ ಎರಡು ಪ್ರಶ್ನೆಗಳನ್ನು ನಾವು ಈ ಲೇಖನದಲ್ಲಿ ವಿಚಾರ ಮಾಡೋಣ.

ತೂತು ಮುಚ್ಚುವ ಕಣಗಳು

ರಕ್ತದಲ್ಲಿ ಕೆಂಪು ಕಣಗಳೂ ಬಿಳಿಯ ಕಣಗಳೂ ಇರುವುವೆಂಬುದು ಎಲ್ಲರಿಗೂ ತಿಳಿದದ್ದೇ. ಇವುಗಳಲ್ಲದೆ ಇನ್ನೂ ಚಿಕ್ಕದಾದ ಮೂರನೆಯ ಬಗೆಯ ಕಣಗಳಿವೆ. ಇಟಲಿಯ ಜ್ಯೂಲಿಯೊ ಬಿಟ್ಸೊಟ್ಸೆರೊ ಎಂಬ ವಿಜ್ಞಾನಿಯು 1882ರಲ್ಲಿ ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಾಯಗೊಂಡ ನಾಳದ ಗೋಡೆಗೆ ಇವು ಮೊದಲು ಅಂಟಿಕೊಳ್ಳುವುದನ್ನು ವರ್ಣಿಸಿದನು. ಪುಟ್ಟ ತಟ್ಟೆಗಳ ಆಕಾರವಿರುವುದರಿಂದ ಇವಕ್ಕೆ ಕಿರುತಟ್ಟೆಗಳೆಂದು ಹೆಸರು. ಡೆಂಗೇ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲಿಯೂ ಕೇಳಿಬರುವ ‘ಪ್ಲೇಟ್‌ಲೆಟ್’ ಎಂಬುದು ಇದೇ.

ಕಿರುತಟ್ಟೆಯ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು 1,50,000ದಿಂದ 4,50,000ದವರೆಗೆ ಇರುವುವು. ಎಲುಬಿನ ಮಜ್ಜೆಯಲ್ಲಿರುವ ದೈತ್ಯಕಣಗಳಿಂದ ಚೂರುಗಳಾಗಿ ಮುರಿದು ಬಂದ ಇವಕ್ಕೆ ಕೋಶಕೇಂದ್ರವೆಂಬುದಿಲ್ಲ. ಏಳರಿಂದ ಹತ್ತು ದಿನ ಬದುಕಿ ಇವು ನಾಶವಾಗುವುವು. ಅಷ್ಟರಲ್ಲಿ ಹೊಸವು ಹುಟ್ಟಿ ಬರುವುವು. ಕೋಶಕೇಂದ್ರವಿಲ್ಲವೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಖ್ಯವಾಗುವುದು.

ಭೌತವಿಜ್ಞಾನವನ್ನು ಓದುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ನಳಿಕೆಯಲ್ಲಿ ದ್ರವವು ಹರಿಯುವಾಗ ನಡುವೆ ವೇಗ ಹೆಚ್ಚು; ಗೋಡೆಯನ್ನು ಸಮೀಪಿಸಿದಂತೆಲ್ಲ ವೇಗ ಕುಗ್ಗಿ, ಗೋಡೆಯನ್ನು ತಾಗಿದ ಪದರವು ನಿಂತೇಬಿಡುವುದು. ಫ್ರಾನ್ಸಿನ ಪ್ವಾಸೆಯನು ಹತ್ತೊಂಬತ್ತನೆಯ ಶತಮಾನದಲ್ಲಿ ನಳಿಕೆಯ ಹರಿವಿನ ನಿಯಮವನ್ನು ಕಂಡುಹಿಡಿದದ್ದು ನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ತಿಳಿಯಬೇಕೆಂಬ ಕುತೂಹಲದಿಂದಲೇ, ಆತನು ವೈದ್ಯ. ಹರಿಯುವ ರಕ್ತದಲ್ಲಿ ದೊಡ್ಡವಾದ ಕೆಂಪು ಕಣಗಳು ನಡುವಿಗೆ ಸೇರಿಕೊಂಡು, ಚಿಕ್ಕವಾದ ಕಿರುತಟ್ಟೆಗಳನ್ನು ಗೋಡೆಯ ಕಡೆಗೆ ತಳ್ಳುವುವು. ಕಾವಲುಗಾರರು ಕೋಟೆಯ ಗೋಡೆಯ ಬದಿಯಲ್ಲಿಯೇ ತಿರುಗುವಂತೆ, ಎಲ್ಲಿ ಬೇಕಾಗುವುವೋ ಅಲ್ಲಿಯೇ ಇವು ಸಂಚರಿಸುತ್ತಿರುವುವು.

ನಾಳದ ಒಳಪದರು ಹರಿದಾಗ ಅದರ ಕೆಳಗಿರುವ ಕೊಲಾಜನ್ ಎಂಬ ನಾರು ರಕ್ತಕ್ಕೆ ತಾಗುವುದು. ಕಿರುತಟ್ಟೆಯ ಮೈಮೇಲೆ ಈ ನಾರನ್ನು ಗುರುತಿಸುವ ಒಂದು ಗ್ರಾಹಕವಿದೆ. ನಾರು ತಾಗಿದೊಡನೆ ಅದು ಒಳಕ್ಕೆ ಸುದ್ದಿ ಕಳುಹಿಸುವುದು. ಈ ಸುದ್ದಿ ಸಾಗುವ ರೀತಿ ಹೀಗೆ: ಕೈನೇಸ್ ಎಂಬ ಜಾತಿಯ ಕಿಣ್ವವೊಂದು ಎ.ಟಿ.ಪಿ. ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತುಣುಕನ್ನು ಕಿತ್ತು ಮುಂದಿನ ಪ್ರೋಟೀನಿಗೆ ಅಂಟಿಸುವುದು. ಅದರಿಂದ ಎಚ್ಚೆತ್ತ ಆ ಪ್ರೋಟೀನು ಮುಂದಿನದನ್ನು ಎಚ್ಚರಿಸುವುದು. ಒಂದು ಹಣತೆಯಿಂದ ಇನ್ನೊಂದನ್ನು ಹಚ್ಚುತ್ತ ಹೋದಂತೆ ಇದು. ಈ ಸಾಲಿನಲ್ಲಿ ಮೊದಲು ‘ಸಾರ್ಕ್’ ಕುಟುಂಬದ ಕೈನೇಸುಗಳು, ಅನಂತರ ‘ಸಿಕ್’, ಆಮೇಲೆ ‘ಬಿ.ಟಿ.ಕೆ.’ ಮತ್ತು ಅದರ ದಾಯಾದಿಯಾದ ‘ಟೆಕ್’ ನಿಂತಿವೆ. ಕೊನೆಯ ಹಣತೆ ಹೊತ್ತಿದಾಗ ಕಿರುತಟ್ಟೆಯೊಳಗೆ ಕ್ಯಾಲ್ಸಿಯಂ ಏರಿ, ಅದು ಆಕಾರವನ್ನು ಬದಲಾಯಿಸಿ, ನೆರೆಯ ತಟ್ಟೆಗಳಿಗೆ ಅಂಟಿಕೊಂಡು ಬೆಣೆಯಾಗುವುದು. ನಡುವೆ ಒಂದು ಹಣತೆ ಆರಿದರೆ ಸುದ್ದಿ ಅಲ್ಲಿಗೇ ಕುಗ್ಗುವುದು.

ಗುರಿಯಿಟ್ಟ ಮದ್ದು ಹುಟ್ಟಿದ ಬಗೆ

ಈಗ ರೋಗದ ಕಡೆಗೆ ತಿರುಗೋಣ. 1845ರಲ್ಲಿ ಸ್ಕಾಟ್ಲೆಂಡಿನ ಬೆನೆಟ್ ಮತ್ತು ಜರ್ಮನಿಯ ವಿರ್ಕೊ ಇಬ್ಬರೂ ಬೇರೆ ಬೇರೆಯಾಗಿ ಈ ರೋಗವನ್ನು ವರ್ಣಿಸಿದರು. ಬಿಳಿಯ ರಕ್ತವೆಂಬ ಅರ್ಥದಲ್ಲಿ ವಿರ್ಕೊ ಇದಕ್ಕೆ ಲ್ಯುಕೀಮಿಯ ಎಂದು ಹೆಸರಿಟ್ಟನು. ಮಜ್ಜೆಯಲ್ಲಿ ಬಿಳಿಯ ಕಣಗಳು ಅಂಕೆಯಿಲ್ಲದೆ ಹೆಚ್ಚುವುದೇ ಇದರ ಲಕ್ಷಣ. ಆದರೆ ಅಂಕೆ ತಪ್ಪುವುದೇಕೆಂಬುದು ನೂರು ವರ್ಷ ಕಳೆದರೂ ತಿಳಿಯಲಿಲ್ಲ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನೋವೆಲ್ ಮತ್ತು ಹಂಗರ್ಫರ್ಡ್ ಎಂಬ ಇಬ್ಬರು ಸಂಶೋಧಕರು ಒಂದು ಬಗೆಯ ದೀರ್ಘಕಾಲಿಕ ಲ್ಯುಕೀಮಿಯದ ಕಣಗಳಲ್ಲಿ ಮೋಟಾದ ಒಂದು ವರ್ಣತಂತುವನ್ನು ಕಂಡರು. ಅದು ಮೋಟಾದದ್ದು ಏಕೆಂಬುದನ್ನು 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ತೋರಿಸಿದಳು. 9ನೆಯ ಮತ್ತು 22ನೆಯ ವರ್ಣತಂತುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದುವು. ಈ ಬೆಸುಗೆಯ ಜಾಗದಲ್ಲಿ ಎರಡು ಜೀನುಗಳ ತುಂಡುಗಳು ಕೂಡಿ ಒಂದು ಹೊಸ ಜೀನು ಹುಟ್ಟುವುದು. ಅದರಿಂದ ತಯಾರಾಗುವ ಪ್ರೋಟೀನೂ ಒಂದು ಕೈನೇಸ್. ಆದರೆ ಇದು ಆರದ ಹಣತೆ. ಯಾರೂ ಹೇಳದಿದ್ದರೂ ‘ಬೆಳೆ, ಬೆಳೆ’ ಎಂದು ಕಣಕ್ಕೆ ಹಗಲಿರುಳೂ ಸುದ್ದಿ ಕಳುಹಿಸುತ್ತಲೇ ಇರುವುದು.

ಹಾಗಾದರೆ ಈ ಒಂದು ಕಿಣ್ವವನ್ನು ತಡೆದರೆ ರೋಗ ನಿಲ್ಲಬೇಕಲ್ಲವೇ? ಈ ಆಲೋಚನೆಯಿಂದ ಹುಟ್ಟಿದ ಮದ್ದೇ ಇಮ್ಯಾಟಿನಿಬ್. ಕೈನೇಸಿನಲ್ಲಿ ಎ.ಟಿ.ಪಿ. ಕೂಡುವ ಒಂದು ಸಣ್ಣ ಪೊಟರೆಯಿದೆ. ಮದ್ದಿನ ಅಣು ಆ ಪೊಟರೆಯನ್ನು ಹೊಕ್ಕು ಕುಳಿತರೆ ಎ.ಟಿ.ಪಿ.ಗೆ ಜಾಗವಿಲ್ಲ, ಕಿಣ್ವ ಸುಮ್ಮನಾಗುವುದು. 1998ರಲ್ಲಿ ಬ್ರಯನ್ ಡ್ರೂಕರ್ ಮತ್ತು ಸಂಗಡಿಗರು ಇದನ್ನು ರೋಗಿಗಳಿಗೆ ಮೊದಲು ಕೊಟ್ಟರು. 2001ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಈ ಮದ್ದಿನಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು 83 ಮಂದಿ ಹತ್ತು ವರ್ಷಗಳ ಅನಂತರವೂ ಬದುಕಿದ್ದರೆಂದು 2017ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಹಿಂದೆ ಕೆಲವೇ ವರ್ಷಗಳಲ್ಲಿ ಕೊಲ್ಲುತ್ತಿದ್ದ ರೋಗವಿದು. 2013ರ ಏಪ್ರಿಲ್ 1ರಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಈ ಮದ್ದಿನ ಒಂದು ರೂಪಕ್ಕೆ ಪೇಟೆಂಟು ಸಲ್ಲದೆಂದು ತೀರ್ಪು ಕೊಟ್ಟಿತು. ಭಾರತದ ಕಂಪೆನಿಗಳು ಇದನ್ನು ಕಡಮೆ ಬೆಲೆಗೆ ತಯಾರಿಸುತ್ತಿರುವುದರಿಂದ ಸಾಧಾರಣ ಸಂಸಾರಗಳಿಗೂ ಇದು ಎಟುಕುವಂತಾಗಿದೆ.

ಇಮ್ಯಾಟಿನಿಬ್‌ಗೆ ಬಗ್ಗದ ರೋಗಕ್ಕಾಗಿ 2006ರಲ್ಲಿ ಡಸಾಟಿನಿಬ್ ಎಂಬ ಇನ್ನೂ ಬಲವಾದ ಮದ್ದು ಬಂದಿತು. ಬಿ-ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಕೂಡಿಬೀಳುವ ಇನ್ನೊಂದು ಬಗೆಯ ದೀರ್ಘಕಾಲಿಕ ಲ್ಯುಕೀಮಿಯಕ್ಕೆ 2014ರಲ್ಲಿ ಐಬ್ರುಟಿನಿಬ್ ಎಂಬುದು ಬಳಕೆಗೆ ಬಂದಿತು. ಇದರ ಗುರಿ ನಾವು ಮೇಲೆ ಕಂಡ ಬಿ.ಟಿ.ಕೆ. ಎಂಬ ಕೈನೇಸು.

ಬೀಗವೊಂದೇ ಅಲ್ಲ, ಬೀಗಗಳ ಬಳಗ

ಈಗ ನಮ್ಮ ಮೊದಲನೆಯ ಪ್ರಶ್ನೆಗೆ ಬರಬಹುದು. ಮನುಷ್ಯನ ದೇಹದಲ್ಲಿ ಐನೂರಕ್ಕೂ ಮೀರಿದ ಕೈನೇಸುಗಳಿವೆ. ಅವೆಲ್ಲವೂ ಅದೇ ಎ.ಟಿ.ಪಿ.ಯನ್ನು ಹಿಡಿಯಬೇಕಾದುದರಿಂದ ಅವುಗಳ ಪೊಟರೆಗಳು ಒಂದನ್ನೊಂದು ಬಹುಮಟ್ಟಿಗೆ ಹೋಲುವುವು. ಒಂದೇ ಕಮ್ಮಾರನು ಮಾಡಿದ ಬೀಗಗಳಂತೆ ಎನ್ನಬಹುದು. ಒಂದು ಬೀಗಕ್ಕೆಂದು ಅರೆದ ಬೀಗದ ಕೈ ನೆರೆಮನೆಯ ಬೀಗದಲ್ಲಿಯೂ ತಿರುಗಿದರೆ ಆಶ್ಚರ್ಯವಿಲ್ಲ.

ಡಸಾಟಿನಿಬ್ ತನ್ನ ಗುರಿಯಾದ ಕಿಣ್ವವನ್ನಲ್ಲದೆ ಸಾರ್ಕ್ ಕುಟುಂಬವನ್ನೂ ಬಲವಾಗಿ ತಡೆಯುವುದು. ಕಿರುತಟ್ಟೆಯ ಸಾಲಿನಲ್ಲಿ ಮೊದಲ ಹಣತೆಯೇ ಆ ಕುಟುಂಬವೆಂಬುದನ್ನು ನೋಡಿದೆವಷ್ಟೆ. ಆದುದರಿಂದ ಈ ಮದ್ದನ್ನು ಸೇವಿಸುವವರಲ್ಲಿ ಕಿರುತಟ್ಟೆಗಳು ಸಾಕಷ್ಟಿದ್ದರೂ ಕೊಲಾಜನಿನ ಕರೆಗೆ ಮಂದವಾಗಿ ಓಗೊಡುವುವು. ಮಜ್ಜೆಯ ಮೇಲೆ ಮದ್ದಿನ ಪರಿಣಾಮದಿಂದ ಕಿರುತಟ್ಟೆಗಳ ಸಂಖ್ಯೆಯೇ ಇಳಿಯುವುದೂ ಉಂಟು. ಆಗ ಅಪಾಯ ಇಮ್ಮಡಿಯಾಗುವುದು.

ಐಬ್ರುಟಿನಿಬ್‌ನ ಕಥೆ ಇನ್ನೂ ವಿಚಿತ್ರವಾಗಿದೆ. ಇಲ್ಲಿ ಗುರಿಯಾದ ಬಿ.ಟಿ.ಕೆ.ಯೇ ಕಿರುತಟ್ಟೆಯಲ್ಲಿಯೂ ಇದೆ. ಹಾಗಾದರೆ ರಕ್ತಸ್ರಾವಕ್ಕೆ ಅದೊಂದೇ ಕಾರಣವೆನ್ನೋಣವೇ? ಇದಕ್ಕೆ ಪ್ರಕೃತಿಯೇ ಒಂದು ಪ್ರಯೋಗವನ್ನು ಮಾಡಿಟ್ಟಿದೆ. 1952ರಲ್ಲಿ ಅಮೆರಿಕದ ಬ್ರೂಟನ್ ಎಂಬ ವೈದ್ಯನು ಪದೇ ಪದೇ ಸೋಂಕಿನಿಂದ ನರಳುತ್ತಿದ್ದ ಒಬ್ಬ ಹುಡುಗನ ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಇಲ್ಲದಿರುವುದನ್ನು ಕಂಡನು. ಇಂತಹವರಲ್ಲಿ ಬಿ.ಟಿ.ಕೆ. ಜೀನು ಹುಟ್ಟಿನಿಂದಲೇ ಕೆಟ್ಟಿರುವುದೆಂದು 1993ರಲ್ಲಿ ತಿಳಿದುಬಂದಿತು. ಆ ಕಿಣ್ವದ ಹೆಸರಿನಲ್ಲಿ ಮೊದಲಿನ ‘ಬಿ’ ಬ್ರೂಟನ್ನನ ನೆನಪು. ಈ ಹುಡುಗರು ಸೋಂಕಿಗೆ ಸುಲಭವಾಗಿ ತುತ್ತಾಗುವರೇ ಹೊರತು ರಕ್ತಸ್ರಾವದಿಂದ ವಿಶೇಷವಾಗಿ ನರಳುವುದಿಲ್ಲ. ಇದರಿಂದ ಏನು ತಿಳಿದುಬರುವುದು? ಬಿ.ಟಿ.ಕೆ. ಒಂದೇ ಇಲ್ಲದಿದ್ದರೆ ಅದರ ದಾಯಾದಿಯಾದ ಟೆಕ್ ಮೊದಲಾದುವು ಕೆಲಸವನ್ನು ತೂಗಿಸಿಕೊಂಡು ಹೋಗುವುವು. ಐಬ್ರುಟಿನಿಬ್ ಆದರೋ ಬಿ.ಟಿ.ಕೆ.ಯನ್ನೂ ಟೆಕ್ಕನ್ನೂ ಒಟ್ಟಿಗೆ ಕಟ್ಟಿಹಾಕುವುದು. ಸಾರ್ಕ್ ಕುಟುಂಬವನ್ನೂ ಸ್ವಲ್ಪಮಟ್ಟಿಗೆ ಮುಟ್ಟುವುದು. ನೆರವಿಗೆ ಬರಬೇಕಾದವರೂ ಸೆರೆಯಾದರೆ ಕಾವಲು ಕುಸಿಯುವುದು ಸಹಜ.

ಎಣಿಕೆ ಸಾಲದು, ಕೆಲಸವನ್ನು ಅಳೆಯಬೇಕು

ನಮ್ಮ ಎರಡನೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ರಕ್ತಪರೀಕ್ಷೆಯ ಯಂತ್ರವು ಕಿರುತಟ್ಟೆಗಳನ್ನು ಎಣಿಸುವುದೇ ಹೊರತು ಅವು ಎಚ್ಚರವಾಗಿವೆಯೇ ಎಂದು ಕೇಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಇದ್ದ ಮಾತ್ರಕ್ಕೆ ಎಲ್ಲರೂ ಪಾಠ ಕೇಳುತ್ತಿದ್ದಾರೆಂದು ಅರ್ಥವಲ್ಲವಷ್ಟೆ!

ಕಿರುತಟ್ಟೆಗಳ ಕೆಲಸವನ್ನು ಅಳೆಯುವ ಉಪಾಯವನ್ನು 1962ರಲ್ಲಿ ಗುಸ್ಟಾವ್ ಬಾರ್ನ್ ಎಂಬಾತನು ಪ್ರಕಟಿಸಿದನು. ಕ್ವಾಂಟಂ ಸಿದ್ಧಾಂತಕ್ಕಾಗಿ ನೊಬೆಲ್ ಬಹುಮಾನ ಪಡೆದ ಮ್ಯಾಕ್ಸ್ ಬಾರ್ನ್‌ನ ಮಗನಾತ. ತಂದೆಯು 1935-36ರಲ್ಲಿ ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದನು. ಮಗನು ವೈದ್ಯನಾಗಿ ಬ್ರಿಟಿಷ್ ಸೈನ್ಯವನ್ನು ಸೇರಿ, ಯುದ್ಧವಾದ ಮೇಲೆ ಹಿರೋಷಿಮಾದಲ್ಲಿ ವಿಕಿರಣದಿಂದ ಮಜ್ಜೆ ಕೆಟ್ಟು ರಕ್ತಸ್ರಾವದಿಂದ ನರಳುತ್ತಿದ್ದವರನ್ನು ಕಂಡಿದ್ದನು.

ಆತನ ವಿಧಾನ ಶುದ್ಧ ಭೌತವಿಜ್ಞಾನ. ರಕ್ತದಿಂದ ಕೆಂಪು ಕಣಗಳನ್ನು ಬೇರ್ಪಡಿಸಿದರೆ ಕಿರುತಟ್ಟೆಗಳು ತೇಲುವ, ಮೊಸರು ಕದಡಿದ ನೀರಿನಂತೆ ಮಸುಕಾದ ದ್ರವ ಉಳಿಯುವುದು. ಅದರ ಮೂಲಕ ಬೆಳಕನ್ನು ಹಾಯಿಸಿದರೆ ಕಣಗಳು ಬೆಳಕನ್ನು ಚೆದರಿಸುವುದರಿಂದ ಆಚೆಗೆ ಬರುವುದು ಸ್ವಲ್ಪವೇ. ಈಗ ಕಿರುತಟ್ಟೆಗಳನ್ನು ಎಚ್ಚರಿಸುವ ಒಂದು ವಸ್ತುವನ್ನು ಹಾಕಿ ಕಲಕಿದರೆ ಅವು ಒಂದಕ್ಕೊಂದು ಅಂಟಿ ಗಂಟುಗಳಾಗುವುವು. ಗಂಟುಗಳ ನಡುವಣ ದ್ರವ ತಿಳಿಯಾಗಿ ಬೆಳಕು ಧಾರಾಳವಾಗಿ ಹಾಯುವುದು. ಬೆಳಕು ಎಷ್ಟು ಹೆಚ್ಚಿತೆಂಬುದೇ ಕಿರುತಟ್ಟೆಗಳ ಚುರುಕಿನ ಅಳತೆ. ಐಬ್ರುಟಿನಿಬ್ ಸೇವಿಸುವವರ ರಕ್ತವನ್ನು ಹೀಗೆ ಪರೀಕ್ಷಿಸಿದಾಗ, ಎ.ಡಿ.ಪಿ. ಎಂಬ ವಸ್ತುವನ್ನು ಹಾಕಿದರೆ ಬೆಳಕು ಬಹುಮಟ್ಟಿಗೆ ಎಂದಿನಂತೆ ಏರುವುದು. ಕೊಲಾಜನ್ ಹಾಕಿದರೆ ಏರಿಕೆ ಕುಗ್ಗುವುದು. ಕೆಟ್ಟಿರುವುದು ಕೊಲಾಜನಿನ ದಾರಿಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೇ?

ಮದ್ದು ಹೋದರೂ ಉಳಿಯುವ ಪರಿಣಾಮ

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಐಬ್ರುಟಿನಿಬ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಐದು ಗಂಟೆಯೆಂದಿಟ್ಟುಕೊಂಡರೆ 25 ಗಂಟೆಗಳಲ್ಲಿ ಐದು ಸಲ ಅರ್ಧವಾಗಿ 32ರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ಎಂದ ಮೇಲೆ ಮಾತ್ರೆಯನ್ನು ಒಂದು ದಿನ ಬಿಟ್ಟರೆ ಕಿರುತಟ್ಟೆಗಳು ಮೊದಲಿನಂತಾಗಬೇಕಲ್ಲವೇ? ಆಗುವುದಿಲ್ಲ. ಈ ಮದ್ದು ಪೊಟರೆಯಲ್ಲಿ ಸುಮ್ಮನೆ ಕೂಡದೆ, ಅಲ್ಲಿರುವ ಒಂದು ಗಂಧಕದ ಪರಮಾಣುವಿಗೆ ರಾಸಾಯನಿಕ ಬಂಧದಿಂದ ಬೆಸೆದುಕೊಳ್ಳುವುದು. ಬೀಗದ ಕೈ ಬೀಗದಲ್ಲಿಯೇ ಮುರಿದುಕೊಂಡಂತೆ ಆಯಿತು. ಕೋಶಕೇಂದ್ರವುಳ್ಳ ಕಣವಾಗಿದ್ದರೆ ಹೊಸ ಕಿಣ್ವವನ್ನು ತಯಾರಿಸಿಕೊಳ್ಳುತ್ತಿತ್ತು. ಕಿರುತಟ್ಟೆಗೆ ಕೋಶಕೇಂದ್ರವಿಲ್ಲ, ಆದುದರಿಂದ ಅದು ಬದುಕಿರುವಷ್ಟು ದಿನವೂ ಕುಂಟಾಗಿಯೇ ಉಳಿಯುವುದು.

ಗುಣವಾಗುವ ದಾರಿ ಒಂದೇ: ಹೊಸ ಕಿರುತಟ್ಟೆಗಳು ಹುಟ್ಟಿ ಬರಬೇಕು. ಹತ್ತು ದಿನದ ಆಯುಸ್ಸೆಂದರೆ ದಿನಕ್ಕೆ ಹತ್ತರಲ್ಲಿ ಒಂದು ಪಾಲು ಹೊಸದು; ಐದು ದಿನಗಳಲ್ಲಿ ಅರ್ಧದಷ್ಟು ಹೊಸದು. ಶಸ್ತ್ರಕ್ರಿಯೆಗೆ ಮೊದಲು ಮತ್ತು ಅನಂತರ ಈ ಮದ್ದನ್ನು ಮೂರರಿಂದ ಏಳು ದಿನಗಳವರೆಗೆ ನಿಲ್ಲಿಸುವ ಬಗ್ಗೆ ವೈದ್ಯರು ಯೋಚಿಸಬೇಕೆಂಬ ಸೂಚನೆಯಲ್ಲಿರುವ ತರ್ಕ ಈ ಸರಳ ಲೆಕ್ಕದಿಂದ ತಿಳಿಯುವುದು. ಡಸಾಟಿನಿಬ್ ಹಾಗೆ ಬೆಸೆದುಕೊಳ್ಳುವುದಿಲ್ಲ. ರಕ್ತದಿಂದ ಮದ್ದು ಹೋದಂತೆ ಕಿರುತಟ್ಟೆಗಳೂ ಬೇಗನೆ ಚೇತರಿಸಿಕೊಳ್ಳುವುವು.

ಅಪಾಯವೆಷ್ಟು, ಎಚ್ಚರವೆಷ್ಟು?

ಐಬ್ರುಟಿನಿಬ್ ಸೇವಿಸಿದವರಲ್ಲಿ ನೀಲಿ ಕಲೆ, ಚರ್ಮದ ಮೇಲೆ ಕೆಂಪು ಚುಕ್ಕೆ ಮುಂತಾದ ಅಲ್ಪ ತೊಂದರೆಗಳು ನೂರಕ್ಕೆ ಸುಮಾರು 40 ಮಂದಿಗೆ ಕಾಣಿಸಿಕೊಂಡಿವೆ. ದೊಡ್ಡ ರಕ್ತಸ್ರಾವ ನೂರಕ್ಕೆ ಸುಮಾರು ನಾಲ್ವರಿಗೆ. ಪ್ರಾಣಾಂತಿಕವಾದದ್ದು ಸಾವಿರಕ್ಕೆ ಸುಮಾರು ನಾಲ್ವರಿಗೆ. ಜೊತೆಗೆ ಬೇರೆ ಮದ್ದುಗಳು ಸೇರಿದಾಗ ಈ ಲೆಕ್ಕ ಏರುವುದು. ರಕ್ತವನ್ನು ತಿಳಿಯಾಗಿಸುವ ಯಾವ ಮದ್ದೂ ಇಲ್ಲದವರಲ್ಲಿ ದೊಡ್ಡ ಸ್ರಾವ ನೂರಕ್ಕೆ ಸುಮಾರು ಮೂರು. ಆಸ್ಪಿರಿನ್ನಿನಂತಹದನ್ನು ಸೇವಿಸುವವರಲ್ಲಿ ನಾಲ್ಕಕ್ಕೆ ಮೇಲೆ. ವಾರ್ಫರಿನ್ನಿನಂತಹ ಹೆಪ್ಪುರೋಧಕಗಳನ್ನು ಸೇವಿಸುವವರಲ್ಲಿ ಆರು. ಒಂದು ದಾರಿ ಮುಚ್ಚಿದಾಗ ಕಿರುತಟ್ಟೆಗೆ ಉಳಿದಿರುವುದು ಬೇರೆ ದಾರಿಗಳು. ಆಸ್ಪಿರಿನ್ ಅವುಗಳಲ್ಲಿ ಒಂದನ್ನು ಮುಚ್ಚಿಬಿಡುವುದು.

ಅಪರೂಪದ ತೊಂದರೆಗಳಲ್ಲಿ ಕೆಲವನ್ನು ಹೇಳಬೇಕು. ಮೆದುಳಿಗೂ ಅದರ ಹೊರಹೊದಿಕೆಗೂ ನಡುವೆ ಸಣ್ಣ ಅಭಿಧಮನಿಗಳು ಸೇತುವೆಯಂತೆ ಹಾಯ್ದಿವೆ. ತಲೆಗೆ ಸ್ವಲ್ಪ ಪೆಟ್ಟು ಬಿದ್ದರೂ ಇವು ಹರಿಯಬಹುದು. ಆರೋಗ್ಯವಂತರಲ್ಲಿ ಒಸರು ಬೇಗ ನಿಲ್ಲಬಹುದು. ಈ ಮದ್ದುಗಳನ್ನು ಸೇವಿಸುವವರಲ್ಲಿ ಅದು ನಿಧಾನವಾಗಿ ಮುಂದುವರಿದು, ದಿನಗಳೋ ವಾರಗಳೋ ಕಳೆದ ಮೇಲೆ ತಲೆನೋವು, ಮಂಪರು, ಕೈಕಾಲುಗಳ ಬಲಹೀನತೆಗಳಾಗಿ ತಲೆದೋರುವುದು. ಪೆಟ್ಟು ಬಿದ್ದದ್ದು ಅಷ್ಟರಲ್ಲಿ ಮರೆತೇ ಹೋಗಿರುವುದುಂಟು. ಇಮ್ಯಾಟಿನಿಬ್ ಸೇವಿಸುವ ಕೆಲವರ ಜಠರದ ಒಳಗೋಡೆಯಲ್ಲಿ ನಾಳಗಳು ಹಿಗ್ಗಿ, ಕಲ್ಲಂಗಡಿ ಹಣ್ಣಿನ ಸಿಪ್ಪೆಯ ಪಟ್ಟೆಗಳಂತೆ ಕೆಂಪು ಗೆರೆಗಳು ಮೂಡುವುದುಂಟು. ಅಲ್ಲಿಂದ ರಕ್ತ ಸೋರಿ ಮಲವು ಟಾರಿನಂತೆ ಕಪ್ಪಾಗುವುದು.

ಹಾಗೆಂದು ಹೆದರಿ ಮಾತ್ರೆಯನ್ನು ಬಿಡಬಹುದೇ? ಕೂಡದು. ಮದ್ದಿನಿಂದ ನೂರರಲ್ಲಿ ಕೆಲವರಿಗೆ ಬರಬಹುದಾದ ಕೇಡಿಗಿಂತ, ಮದ್ದನ್ನು ತಾವಾಗಿಯೇ ನಿಲ್ಲಿಸಿದರೆ ಮರುಕಳಿಸಬಹುದಾದ ರೋಗದ ಕೇಡು ದೊಡ್ಡದು. ನಿಲ್ಲಿಸುವುದೂ ಪ್ರಮಾಣವನ್ನು ತಗ್ಗಿಸುವುದೂ ಬೇರೆ ಮದ್ದಿಗೆ ಬದಲಾಯಿಸುವುದೂ ವೈದ್ಯರ ಕೆಲಸ. ಮನೆಯವರ ಕೆಲಸ ಬೇರೆಯಿದೆ. ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ಮೊದಲಾದುವನ್ನು ತಂದು ಕೊಡಬಾರದು. ಹಲ್ಲು ಕೀಳಿಸುವುದಕ್ಕೂ ಮೊದಲು, ಕೀಳುವ ವೈದ್ಯರಿಗೆ ಈ ಮದ್ದಿನ ಹೆಸರನ್ನು ಹೇಳಬೇಕು. ತಲೆಗೆ ಪೆಟ್ಟು ಬಿದ್ದರೆ, ಬಿಡದ ತಲೆನೋವು ಬಂದರೆ, ಮಲ ಕಪ್ಪಾದರೆ, ಎಣಿಕೆ ಸರಿಯಿದೆಯೆಂದು ಸಮಾಧಾನಪಟ್ಟುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ವಿಜ್ಞಾನಿಗಳು ಇನ್ನೂ ಹರಿತವಾದ ಬೀಗದ ಕೈಗಳನ್ನು ಅರೆಯುತ್ತಿದ್ದಾರೆ. ಅಕಲಾಬ್ರುಟಿನಿಬ್, ಜಾನುಬ್ರುಟಿನಿಬ್ ಎಂಬುವು ಬಿ.ಟಿ.ಕೆ.ಯನ್ನು ಹಿಡಿದು ನೆರೆಯ ಕಿಣ್ವಗಳನ್ನು ಹೆಚ್ಚಾಗಿ ಬಿಟ್ಟುಬಿಡುವುವು. ಅಕಲಾಬ್ರುಟಿನಿಬ್ಬನ್ನು ಐಬ್ರುಟಿನಿಬ್‌ನೊಡನೆ ನೇರವಾಗಿ ಹೋಲಿಸಿ 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಟ್ಟು ರಕ್ತಸ್ರಾವ ನೂರಕ್ಕೆ 51ರಿಂದ 38ಕ್ಕೆ ಇಳಿಯಿತು. ಆದರೆ ದೊಡ್ಡ ಸ್ರಾವದಲ್ಲಿ ಹೆಚ್ಚು ಅಂತರ ಕಾಣಲಿಲ್ಲ. ಕೆಲಸ ಇನ್ನೂ ಉಳಿದಿದೆಯೆಂದೇ ಇದರ ಅರ್ಥ.

ಗುರಿಯಿಟ್ಟ ಬಾಣವೆಂದು ನಾವು ಈ ಮದ್ದುಗಳನ್ನು ಹೊಗಳುವುದುಂಟು. ಆದರೆ ದೇಹವು ಒಂದೇ ಅಚ್ಚಿನ ಕಿಣ್ವವನ್ನು ಹತ್ತು ಕಡೆ ಹತ್ತು ಕೆಲಸಗಳಿಗೆ ಬಳಸಿಕೊಳ್ಳುವ ಮಿತವ್ಯಯಿ. ಬಿಳಿಯ ಕಣಕ್ಕೆ ‘ಬೆಳೆ’ ಎಂದು ಹೇಳುವ ಬಳಗವೇ ಕಿರುತಟ್ಟೆಗೆ ‘ಅಂಟು’ ಎಂದು ಹೇಳುವುದು. ಈ ನಂಟನ್ನು ಅರಿತವರಿಗೆ ರೋಗಿಯ ತೋಳಿನ ಮೇಲಿನ ನೀಲಿ ಕಲೆಯೂ ಒಂದು ಸುದ್ದಿಯೇ. ಅದನ್ನು ವೇಳೆಗೆ ಸರಿಯಾಗಿ ಓದಿಕೊಂಡರೆ ಮದ್ದಿನ ಉಪಕಾರ ಉಳಿಯುವುದು, ಅಪಾಯ ತಗ್ಗುವುದು.